ಅಣ್ಣಮ್ಮನ ಬಣ್ಣ

ಕೆಂಗೇರಿ, ೧೯೫೪

ತಮ್ಮ ಪುರುಷೋತ್ತಮನಿಗೆ ಅಣ್ಣನ ಆಶೀರ್ವಾದ.

ಉಭಯ ಕುಶಲ ಎಂದು ಬರೆಯಲು ಹೊರಟೆ, ಕೈ ಒಪ್ಪಲಿಲ್ಲ. ಕುಶಲವೆಲ್ಲ ನಿನ್ನ ರಾಜಾಜಿನಗರದ ಕಡೆಗೇ ಇದೆಯಂತೆ. ಮುಂದಿನ ತಿಂಗಳು ಚಿಕ್ಕಕ್ಕನ ಮಗಳು ಮುನಿಲಕ್ಷ್ಮಿಯ ಜೊತೆ ನಿನಗೆ ಎರಡನೇ ಮದುವೆ. ಅದು ಬೇಡ ಎನ್ನಲು ಈ ಕಾಗದ.

ನಿನ್ನ ಹೆಂಡತಿ, ದೊಡ್ಡಕ್ಕನ ಮಗಳು ಜಯದೇವಿಯನ್ನು ಕೂಸಿನ ಸಮೇತ ನನ್ನ ಮನೆಯಲ್ಲಿ ಬಿಟ್ಟು ಹೋಗುವಾಗ ನೀನು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ರಾಗಿ ಬಿತ್ತಿದ ಹೊಲದಲ್ಲಿ ಭತ್ತ ಹೆಂಗ್ ಬಂತಣ್ಣ?" ನಮ್ಮ ವಂಶವೆಲ್ಲ ಕಾವಲಿಯ ತಳ. ನಿನ್ನ ಕೂಸು ಅಣ್ಣಮ್ಮ ಮಾತ್ರ ಹಾಲಿನ ಹಾಗೆ, ಕೂದಲು ಜೋಳದ ತೆನೆಯ ಕುಚ್ಚಿನ ಹಾಗೆ. ಬಣ್ಣ ನೋಡಿ ಹೆಣ್ಣ ಬಿಟ್ಟೆ. ಪ್ರಾಸ ಚೆನ್ನಾಗಿದೆ, ಬೇರೇನೂ ಚೆನ್ನಾಗಿಲ್ಲ.

ಮೂರು ವರ್ಷ ತುಂಬಿದರೂ ಕೂಸಿಗೆ ಮಾತಿಲ್ಲ, ನಡಿಗೆಯಿಲ್ಲ, ಕರೆದರೆ ತಿರುಗುವುದಿಲ್ಲ. ಮೈಯಲ್ಲಿ ಇಲಿಯ ವಾಸನೆ. ನಾವು ಮಹಾ ಜಾಣರು, ತೊಟ್ಟಿಲ ಕೆಳಗೆ ಬೋನು ಇಟ್ಟಿದ್ದೆವು! ಮೊನ್ನೆ ಪೇಟೆಯ ಡಾಕ್ಟರೊಬ್ಬರು ಅವಳು ಉಚ್ಚೆ ಹೊಯ್ದ ಒದ್ದೆ ಬಟ್ಟೆಯ ಮೇಲೆ ಏನೋ ಔಷಧಿ ಹನಿಸಿದರು. ಬಟ್ಟೆ ಹಸಿರಾಯಿತು, ಅವರ ಮುಖ ಕಪ್ಪಾಯಿತು.

ಅವರು ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಉಂಡದ್ದನ್ನು ಮೈಗೆ ಬೇಕಾದಂತೆ ಮಾರ್ಪಡಿಸುವವು ಕಿಣ್ವಗಳು. ಅಮ್ಮನ ಚಕ್ಕುಲಿ ಒರಳಿನ ಬಿಲ್ಲೆ ನೆನಪಿದೆಯಲ್ಲ? ಹಿಟ್ಟು ಹೋಗಿ ಚಕ್ಕುಲಿಯಾಗಿ ಬರುತ್ತೆ. ಬಿಲ್ಲೆ ಇದ್ದ ಹಾಗೇ ಇದ್ದು ಮುಂದಿನ ಹಿಟ್ಟಿಗೆ ಕಾಯುತ್ತೆ. ಕಿಣ್ವವೂ ಹಾಗೇ. ಒಂದೊಂದು ಕೆಲಸಕ್ಕೂ ಬೇರೆ ಬಿಲ್ಲೆ, ಅದರ ಶಕ್ತಿಯೆಲ್ಲ ಆಕಾರದಲ್ಲಿ. ತೂತು ಕೆಟ್ಟರೆ ಹಿಟ್ಟು ಒಳಗೇ ಉಳಿದು ಹಳಸುತ್ತೆ. ಹಾಲು, ಬೇಳೆಯಲ್ಲಿರುವ ಒಂದು ಸತ್ವವನ್ನು ಮಾರ್ಪಡಿಸುವ ಬಿಲ್ಲೆ ಅಣ್ಣಮ್ಮನಲ್ಲಿ ಕೆಟ್ಟಿದೆ. ಆ ಸತ್ವ ನೆತ್ತರಲ್ಲಿ ಸೇರಿ ಸೇರಿ ಮಿದುಳನ್ನು ಹಾಳುಮಾಡಿತು, ಇಲಿಯ ವಾಸನೆಯೂ ಅದರದೇ. ಅದರಿಂದಲೇ ಹುಟ್ಟಬೇಕಿದ್ದ ಚರ್ಮದ ಕಪ್ಪು ಹುಟ್ಟಲೇ ಇಲ್ಲ.

ಇಂಥ ಬಿಲ್ಲೆ ಅಪ್ಪನಿಂದೊಂದು, ಅಮ್ಮನಿಂದೊಂದು ಬರುತ್ತೆ. ಒಂದು ನೆಟ್ಟಗಿದ್ದರೂ ಸಂಸಾರ ಸಾಗುತ್ತೆ. "ಗಂಡ ಹೆಂಡ್ತಿ ಸಂಬಂಧದೋರಾ?" ಅಂದರು ಡಾಕ್ಟರು. ಅಕ್ಕನ ಮಗಳನ್ನೇ ತಂದಿದ್ದು ಅಂದೆ. ಅದೇ ಕಾರಣ ಅಂದರು. ಯಾರದೋ ಕೂಸು ಅಂದೆಯಲ್ಲೋ, ಅಣ್ಣಮ್ಮ ನಮಗಿಂತ ಹೆಚ್ಚು ನಮ್ಮವಳು. ನಮ್ಮ ಮನೆಯ ಕೆಟ್ಟ ಬಿಲ್ಲೆ ಅವಳಿಗೆ ಎರಡೂ ಕಡೆಯಿಂದ ಬಂದಿದೆ. ಒಂದು ನಿನ್ನಲ್ಲಿದೆ. ಮುನಿಲಕ್ಷ್ಮಿಯಲ್ಲೂ ಇರಬಹುದು.

ಇಂಗ್ಲೆಂಡಿನಲ್ಲಿ ಈಗೀಗ ಇದಕ್ಕೆ ಬೇರೆ ಥರದ ಆಹಾರ ಮಾಡಿ ನೋಡುತ್ತಿದ್ದಾರಂತೆ. ಹೋದ ಬುದ್ಧಿಯನ್ನು ಅದೂ ತರಲಾರದಂತೆ.

ವಾಪಸು ಬಾ ಎಂದೂ ಬರೆಯುತ್ತಿದ್ದೆ. ಜಯದೇವಿ ತಡೆದಳು: "ನನ್ನ ವಿಷ್ಯ ಬ್ಯಾಡ ದೊಡ್ಡಮಾವ. ಮುನಿಲಕ್ಷ್ಮೀನ ಬಿಟ್ಬಿಡಕ್ಕೆ ಹೇಳಿ, ಸಾಕು." ಕೂಸನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು: "ಹಂಗಾದ್ರೆ ಬೆಳ್ಳಗಿರೋದೂ ಕಾಯ್ಲೇನಾ? ಅದೊಂದಾದ್ರೂ ದೇವ್ರು ಇವಳಿಗೆ ಕೊಟ್ಟವ್ನೆ ಅಂದ್ಕೊಂಡಿದ್ದೆ." ಹೂಂ ಅಂದೆ. ದಿನಾ ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದವಳು ಇವತ್ತು ಇಡಲಿಲ್ಲ.

ಮುಂದೆ ನಿನಗೆ ಮಕ್ಕಳಾದರೆ ಕಪ್ಪಗಿರಲಿ. ಇದೇ ನನ್ನ ಹರಕೆ.

ನಿನ್ನ ಅಣ್ಣ,
ಮುನಿವೆಂಕಟಪ್ಪ