ಹಾಡಿನ ದಿನ ಗುಳಿಗೆ ಇಲ್ಲ

17 ಜನವರಿ 2025, ಶುಕ್ರವಾರ. ಬೆಳಿಗ್ಗೆ 8

ಚಹಾ ಆಯಿತು. ರೊಟ್ಟಿ ಒಂದೂವರೆ, ಮಡಕಿ ಕಾಳಿನ ಪಲ್ಯ. ಗುಳಿಗೆ ತಗೊಳ್ಳಲಿಲ್ಲ. ಆದರೂ ಆಸ್ಪತ್ರೆಯ ಕಾರ್ಡಿನಲ್ಲಿ ಇವತ್ತಿನ ಚೌಕಕ್ಕೆ ಗೀಟು ಎಳೆದೆ. ಅದು ಡಾಕ್ಟರು ನೋಡುವುದು. ಈ ನೋಟುಬುಕ್ಕನ್ನು ಯಾರೂ ನೋಡುವುದಿಲ್ಲ.

ಅಮಾವಾಸ್ಯೆಗೆ ಚಿಮ್ಮಡದ ಬೀರಪ್ಪನ ಗುಡಿ ಮುಂದೆ ನಮ್ಮ ಮೇಳದ ಡೊಳ್ಳಿನ ಪದ. ಹಗಲು ಹತ್ತಕ್ಕೆ ಶುರು. ಇನ್ನು ಹನ್ನೆರಡು ದಿನ. ಗುಳಿಗೆ ಬಿಟ್ಟ ಮೇಲೆ ಕೆಮ್ಮು ಹೋಗಲು ಸುಮಾರು ಅಷ್ಟೇ ದಿನ ಬೇಕು.

ಮೂರು ವರ್ಷದ ಕೆಳಗೆ ಬಿ.ಪಿ. ಅಂದರು, ಗುಳಿಗೆ ಕೊಟ್ಟರು. ತಿಂಗಳೊಳಗೆ ಕೆಮ್ಮು. ಮೊದಲು ಧೂಳು ಅಂದುಕೊಂಡೆ — ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹಗಲೆಲ್ಲ ಹುನ್ನೂರಿನ ರಸ್ತೆ ಅರೆಯುತ್ತವೆ. ಸುಗ್ಗಿ ಮುಗಿಯಿತು, ಧೂಳು ಕೂತಿತು, ಕೆಮ್ಮು ಕೂರಲಿಲ್ಲ. ಕಫವಿಲ್ಲ, ಜ್ವರವಿಲ್ಲ. ಗಂಟಲಿನಲ್ಲಿ ಯಾರೋ ಉಣ್ಣೆ ತುರುಕಿದ ಹಾಗೆ. ಮಾತಿಗೆ ಅಡ್ಡಿಯಿಲ್ಲ. ದನಿ ಏರಿಸಿದರೆ ಸೊಲ್ಲು ನಡುವೆ ಮುರಿಯುತ್ತದೆ.

ಡಾಕ್ಟರಿಗೆ ಹೇಳಿದರೆ ‘ಹಾಡೂದ ಬಿಡ್ರಿ’ ಅಂದುಬಿಟ್ಟರೆ? ಹಾಡು ಬಿಟ್ಟ ಜಕ್ಕಪ್ಪನನ್ನು ಯಾರು ಕರೆಯುತ್ತಾರೆ, ಎಲ್ಲಿಗೆ?

ಸಂಜೆ 6

ಮಗಳು ಮಾಯಾಳ ಫೋನು, ಕೊಟ್ಟ ಊರು ರನ್ನ ಬೆಳಗಲಿಯಿಂದ.

‘ಅಪ್ಪಾ, ಉಂಡಿ?’

‘ಉಂಡೆ.’

‘ಗುಳಗಿ?’

‘ನುಂಗೀನಿ.’

‘ಖರೆ?’

‘ಪೊಲೀಸ್ನೋರಕಿಂತ ಜಾಸ್ತಿ ಆತಲ್ಲಬೇ ನಿಂದು!’

ನಕ್ಕಳು. ಹಿಂದಿನಿಂದ ಅವಳ ಅತ್ತೆ ಕೂಗಿದರು. ಇಟ್ಟಳು. ಫೋನು ಇನ್ನೂ ಸ್ವಲ್ಪ ಹೊತ್ತು ಬೆಳಕು ಬಿಟ್ಟುಕೊಂಡು ಅಂಗೈಯಲ್ಲೇ ಇತ್ತು. ಆಮೇಲೆ ಅದೂ ಆರಿತು.

22 ಜನವರಿ, ಬುಧವಾರ

ಕೆಮ್ಮು ಇಳಿದಿದೆ. ಬೆಳಿಗ್ಗೆ ಹೊಲದ ಬದುವಿನಲ್ಲಿ ನಿಂತು ಹಾಡಿದೆ. ಬಿಳಿಜೋಳ ಎದೆ ಮಟ್ಟ. ಕಾಗೆಗಳು ಎದ್ದವು. ಛಲೋ ಗುರುತು.

ಗುರುಪಾದ ಇದ್ದಿದ್ದರೆ ಕಾಗೆ ಹಾರಿಸಿದ್ದಕ್ಕೂ ಏನಾದರೂ ಕಟ್ಟಿ ಹಾಡುತ್ತಿದ್ದ. ಮೂವತ್ತೊಂದು ವರ್ಷ ಮೇಳದಲ್ಲಿ ನನ್ನ ಜೋಡಿ. ಹೋದದ್ದು ಹೋದ ವರ್ಷದ ಹಿಂದಿನ ಬೇಸಿಗೆ, ಲಕ್ವಾ ಹೊಡೆದು. ಬಿಸಿಲು ತಾಕಿತು ಅಂದರು ಕೆಲವರು. ದೃಷ್ಟಿ ಅಂದರು ಕೆಲವರು. ಒಂದು ದಿನ ಹಾಸಿಗೆ ಹಿಡಿದವನಲ್ಲ. ಅವನ ಆಯುಷ್ಯ ಅಷ್ಟೇ ಅಂದೆ ನಾನು.

29 ಜನವರಿ, ಅಮಾವಾಸ್ಯೆ. ಸಂಜೆ

ಹಾಡಿದೆ! ನಾಲ್ಕು ತಾಸು. ದನಿ ಎಲ್ಲೂ ಮುರಿಯಲಿಲ್ಲ. ಎದುರು ಮೇಳದವರು ಹಾಡಿನಲ್ಲಿ ಎಸೆದ ಪ್ರಶ್ನೆಗೆಲ್ಲ ಹಾಡಿನಲ್ಲೇ ಉತ್ತರ. ಕಂಬಳಿ ಹೊದಿಸಿದರು. ಮುದುಕಿಯೊಬ್ಬಳು ಬಂದು ಗಲ್ಲ ಮುಟ್ಟಿ ಲಟಿಗೆ ಮುರಿದಳು — ‘ಇನ್ನೂ ಹುಡುಗ ಇದ್ದಂಗ ಅದೀಯಲ್ಲೋ ಯಪ್ಪಾ.’

ಈಗ ಮನೆ. ಕಂಬಳಿ ಗೂಟಕ್ಕೆ. ಹೇಳಬೇಕು ಅನ್ನಿಸಿದರೆ ಗೋಡೆಗೇ ಹೇಳಬೇಕು.

ತಲೆಯ ಹಿಂದೆ ಬಿಗಿತ. ಆಟೊ ಇಳಿಯುವಾಗ ನೆಲ ಒಂದು ಗೇಣು ಸರಿಯಿತು. ಹಸಿವಿಗೆ ಇರಬೇಕು... ನನಗೆ ಗೊತ್ತು ಹಸಿವಿಗಲ್ಲ.

5 ಫೆಬ್ರವರಿ, ಬುಧವಾರ

ಜಮಖಂಡಿ. ಡಾಕ್ಟರ್ ಸ್ನೇಹಾ ಮೇಡಂ ಕಾರ್ಡು ನೋಡಿದರು. ಒಂದೂ ಚೌಕ ಖಾಲಿ ಇಲ್ಲ. ತೋಳಿಗೆ ಪಟ್ಟಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ನೂರಾ ಎಂಬತ್ತು, ಕೆಳಗೆ ನೂರಾ ಹತ್ತು.

‘ದಿನಾ ನುಂಗೀರಿ?’

‘ಹ್ಞೂಂ ರಿ.’

‘ಒಂದೂ ತಪ್ಪಿಲ್ಲ?’

‘ಕಾರ್ಡಿನ್ಯಾಗ ಐತಲ್ರಿ ಮೇಡಂ.’

ಕಾರ್ಡನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದರು. ‘ಹಂಗಾದ್ರ ಈ ಡೋಸ್ ಸಾಲವಲ್ದು. ಏರಸ್ತೀನಿ.’ ನನ್ನ ಸುಳ್ಳಿಗೆ ಮೇಡಂ ಔಷಧ ಬರೆಯುತ್ತಿದ್ದಾರೆ. ಪಾಪ, ಎಷ್ಟು ಶ್ರದ್ಧೆಯಿಂದ ಬರೆದರು! ನಿಜ ಬಾಯಿವರೆಗೆ ಬಂದಿತ್ತು. ಸರದಿಯಲ್ಲಿ ಹಿಂದಿದ್ದವರು ನೂಕಿದರು. ಎದ್ದೆ.

19 ಫೆಬ್ರವರಿ, ಬುಧವಾರ

ಹೆದರಿಕೆಗೆ ಎರಡು ವಾರ ಸರಿಯಾಗಿ ನುಂಗಿದೆ. ತಲೆ ಹಗುರ. ನೆಲ ನಿಂತಿದೆ. ಕೆಮ್ಮು ಮಾತ್ರ ಹೊರಸಿನ ಮೇಲೆ ಮಲಗಿದರೂ ಬಿಡುವುದಿಲ್ಲ.

ಇಂದು ತಾಲೀಮು. ಗುರುಪಾದನ ಜಾಗದಲ್ಲಿ ಈಗ ಹಿಂದಿನ ದನಿ ಕೊಡುವವನು ಶಿದ್ರಾಮಪ್ಪ. ಮೂರು ಸಲ ಸೊಲ್ಲು ಎತ್ತಿದೆ, ಮೂರು ಸಲವೂ ಕೆಮ್ಮು.

‘ಕಾಕಾ, ಡೊಳ್ಳಿಗಿಂತ ನಿಮ್ಮ ಕೆಮ್ಮ ಜೋರ ಐತ್ರೆಪಾ! ಅದನ್ನ ಹಿಮ್ಮೇಳಕ್ಕ ಸೇರಿಸಿಬಿಡೂಣು.’

‘ಮಗನ, ತಾಳ ತಪ್ಪದಂಗ ಕೆಮ್ಮತೇನಿ. ನಿನ್ನ ಹಾಡಕಿಂತ ವಾಸಿ.’

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಅಂದ: ‘ಈ ಅಮಾಸಿಗಿ ನೀವು ಕುಂದರ್ರಿ ಕಾಕಾ. ಮುಂದಿನ ದನಿ ನಾ ಹಾಡ್ತೀನಿ.’

ಒಳ್ಳೆಯ ಮನಸ್ಸಿನಿಂದಲೇ ಅಂದ. ಅದೇ ಕಷ್ಟ. ಅಮಾವಾಸ್ಯೆಗೆ ಎಂಟೇ ದಿನ, ಸಾಲುವುದಿಲ್ಲ. ಆದರೂ ನಾಳೆಯಿಂದ ಗುಳಿಗೆ ಬಂದ್.

22 ಫೆಬ್ರವರಿ, ಶನಿವಾರ. ಮಧ್ಯಾಹ್ನ

ನನ್ನ ತಾಳ ಒಂದು ಬದಿ ಸೀಳಿದೆ. ಗುರುಪಾದನದು ಕೇಳೋಣ ಅಂತ ಅವನ ಮನೆಗೆ ಹೋದೆ. ಅವನ ಹೆಂಡತಿ ಹಣಮವ್ವ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ಒಳಗಿನಿಂದ ತಾಳದ ಚೀಲ ತಂದುಕೊಟ್ಟಳು. ಅವನು ಹೋದ ಮೇಲೆ ಬಿಚ್ಚಿಯೇ ಇರಲಿಲ್ಲವಂತೆ.

ಕೈ ಹಾಕಿದೆ. ತಾಳ. ಅದರ ಕೆಳಗೆ ಚರಚರ. ಗುಳಿಗೆಯ ಪಟ್ಟಿಗಳು — ಏಳೋ ಎಂಟೋ. ಒಂದೂ ಒಡೆದಿಲ್ಲ. ನನ್ನ ಗುಳಿಗೆಯೇ. ಅದೇ ಹೆಸರು, ಅದೇ ಹಸಿರು ಗೀಟು.

‘ಅಂವ ಬಚ್ಚಿಟ್ಟಿದ್ದ ಅಣ್ಣಾ,’ ಅಂದಳು. ‘ಬಿ.ಪಿ. ಇತ್ತು. ಹಾಡಿಕಿ ಬಂತಂದ್ರ ಗುಳಗಿ ಬಿಡತಿದ್ದ. ಕೆಮ್ಮ ಬರತೈತಿ, ದನಿ ಒಡೀತೈತಿ ಅಂತಿದ್ದ.’

‘ನನಗ್ಯಾಕ ಹೇಳಲಿಲ್ಲ ತಂಗೆವ್ವ?’

‘ಆಣಿ ಹಾಕ್ಸಿದ್ದ. ಜಕ್ಕಪ್ಪಗ ಗೊತ್ತಾದ್ರ ಬ್ಯಾರೆ ಜೋಡಿ ನೋಡ್ಕೋತಾನ, ಆಮ್ಯಾಲ ನಾ ಎಲ್ಲಿ ಹೋಗ್ಲಿ ಅಂತಿದ್ದ.’

ನನಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಅವಳು ನೀರು ತಂದಳು. ಕುಡಿದೆ. ತಂಬಿಗೆ ಹಿಂದಕ್ಕೆ ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಅಣ್ಣಾ... ನಿಮಗೂ ಐತೇನು?’

ಹೌದೆಂದು ತಲೆಯಾಡಿಸಿದೆ. ಶೇಂಗಾದ ಬುಟ್ಟಿ ಬದಿಗಿಟ್ಟು ಕೂತಳು. ‘ಇಬ್ಬರೂ ಹುಚ್ಚರು,’ ಅಂದಳು. ಸೆರಗು ಬಾಯಿಗೆ ಹಿಡಿದಳು.

ಒಂದೇ ಜೀಪಿನಲ್ಲಿ, ಒಂದೇ ಕಂಬಳಿಯ ಮೇಲೆ ಮೂವತ್ತೊಂದು ವರ್ಷ. ಅವನು ಕೆಮ್ಮಿದರೆ ಬೀಡಿ ಅನ್ನುತ್ತಿದ್ದ. ನಾನು ಕೆಮ್ಮಿದರೆ ಧೂಳು ಅನ್ನುತ್ತಿದ್ದೆ. ಅವನು ನಂಬಿದ, ನಾನು ನಂಬಿದೆ. ಹಾಡಿನಲ್ಲಿ ಲೋಕದ ಗುಟ್ಟೆಲ್ಲ ಒಡೆದವರು.

27 ಫೆಬ್ರವರಿ, ಅಮಾವಾಸ್ಯೆ

ಮುಂದಿನ ದನಿ ಶಿದ್ರಾಮಪ್ಪ ಹಾಡಿದ. ನಾನು ತಾಳ ಹಿಡಿದು ಕೂತೆ. ಗುಳಿಗೆ ನುಂಗಿಯೇ ಹೋಗಿದ್ದೆ. ಯಾರೂ ನನ್ನನ್ನು ಎಬ್ಬಿಸಿ ಕಳಿಸಲಿಲ್ಲ.

4 ಮಾರ್ಚ್, ಮಂಗಳವಾರ. ಮಧ್ಯಾಹ್ನ. ಜಮಖಂಡಿ ಬಸ್‌ಸ್ಟ್ಯಾಂಡು, ಕಲ್ಲುಬೆಂಚು

ಹೇಳಿದೆ. ಕಾರ್ಡಿನ ಗೀಟುಗಳು ಸುಳ್ಳು ಅಂದೆ. ಕೆಮ್ಮು ಅಂದೆ, ಹಾಡು ಅಂದೆ, ಎಲ್ಲ ಅಂದೆ. ಮೇಡಂ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

‘ಈ ಕೆಮ್ಮ ಗುಳಗೀದು ರಿ ಅಜ್ಜಾರ. ಕೆಲವು ಮಂದಿಗಿ ಆಕ್ಕೈತಿ. ಮೊದಲ ಹೇಳಿದ್ರ ಅವತ್ತ ಬದಲಿ ಗುಳಗಿ ಕೊಡತಿದ್ನಲ್ರಿ!’

‘ಬದಲಿ... ಇರತಾವೇನ್ರಿ?’

‘ಇರದ ಏನ್ರಿ? ಅದರಾಗ ಇಂಥಾ ಕೆಮ್ಮ ಭಾಳ ಕಡಿಮಿ. ಈಗೇನ ಮಾಡಬೇಕಂತೀರಿ?’

‘ಹಾಡಬ್ಯಾಡ ಅಂತೀರೇನೋ ಅಂತ—’

‘ಯಾರ ಅಂದ್ರು? ಗುಳಗಿ ನುಂಗ್ರಿ, ಹಾಡ್ರಿ.’

ಇಷ್ಟೇ. ಮೂರು ವರ್ಷದಲ್ಲಿ ಅರ್ಧ ನಿಮಿಷದ ಮಾತು. ಹೊಸ ಗುಳಿಗೆ ಬರೆದರು. ಎರಡು ವಾರ ಬಿಟ್ಟು ಬನ್ನಿ, ನುಂಗದ ದಿನ ಕಾರ್ಡಿನ ಚೌಕ ಖಾಲಿ ಬಿಡಿ, ಬೈಯುವುದಿಲ್ಲ ಅಂದರು.

ಏಳುವಾಗ ಕೇಳಿದರು: ‘ನಿಮ್ಮ ಮೇಳದಾಗ ಮತ್ಯಾರಿಗರೆ ಹಿಂಗ ಐತೇನ್ರಿ? ಕೆಮ್ಮಿಗಿ ಅಂಜಿ ಗುಳಗಿ ಬಿಟ್ಟವ್ರು?’

‘ಒಬ್ಬ ಅದಾನ್ರಿ,’ ಅಂದುಬಿಟ್ಟೆ. ಇದ್ದ ಅನ್ನಬೇಕಿತ್ತು. ಬಾಯಿ ತಿರುಗಲಿಲ್ಲ.

ಮೇಡಂ ಚೀಟಿ ಎಳೆದುಕೊಂಡರು. ‘ಹೆಸರ?’

‘ಗುರುಪಾದ ರಿ.’

‘ವಯಸ್ಸ?’

‘ಅರವತ್ತೊಂದು.’

ಬರೆದರು. ಅಚ್ಚುಕಟ್ಟಾದ ಅಕ್ಷರ. ‘ಎಂದ ಕರಕೊಂಡ ಬರತೀರಿ?’ ಅಂದರು. ನಾನು ಮತ್ತೆ ಕೂತು, ‘ಅಂವ ಹೋಗಿ ಎರಡ ವರ್ಷ ಆಗಾಕ ಬಂತ್ರಿ ಮೇಡಂ,’ ಅಂದೆ.