ಸಮತಟ್ಟು ಎಂದು ಅಚ್ಚಾಗಿದ್ದ ನೆಲ

ಇಸವಿ ೨೧೯೭, ಜೂನ್ ಮೂವತ್ತೊಂದು

ನಮಗಿಂತ ಏಳು ತಲೆಮಾರು ಮುಂಚೆ ಬದುಕಿರುವವರಿಗೆ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಾವು ಈ ತಿಂಗಳನ್ನು ಎಣಿಸಿ ಮುಗಿಸುವುದಿಲ್ಲ. ಮಳೆಗಾಲಕ್ಕೆ ತಂಗುವ ಬೀಡು ಗಟ್ಟಿಯಾಯಿತು ಎಂದು ಎಲ್ಲರೂ ಒಪ್ಪಿದ ದಿನ ಜೂನ್ ಮುಗಿಯುತ್ತದೆ. ಈ ವರ್ಷ ಯಾರೂ ಒಪ್ಪಿಲ್ಲ, ಆದ್ದರಿಂದ ಜೂನ್ ಇನ್ನೂ ನಡೆಯುತ್ತಿದೆ. ನನ್ನ ಬರಹ ನಿಮಗೆ ಕಚೇರಿಯ ಗೋಡೆಗೆ ಅಂಟಿಸಿದ ನೋಟೀಸಿನಂತೆ ಕೇಳಿಸಿದರೆ ಕ್ಷಮಿಸಬೇಕು. ನಾನು ಓದು ಬರಹ ಕಲಿತದ್ದು ನಿಮ್ಮ ಕರಪತ್ರಗಳಿಂದಲೇ, ಬೇರೆ ಗುರುಗಳು ನನಗೆ ಸಿಗಲಿಲ್ಲ. ನನ್ನ ಹೆಸರು ಅಮೋಗವ್ವ, ವಯಸ್ಸು ಹತ್ತೊಂಬತ್ತು. ನಮ್ಮ ಬೀಡಿನಲ್ಲಿ ಮೂವತ್ತೆಂಟು ಜನ, ಇನ್ನೂರು ಚಿಲ್ಲರೆ ಕುರಿ.

ಈ ಬಗೆಯ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ತಂಗಿದ ಜಾಗದಲ್ಲಿ ಹಿಂದಿನವರಿಗೆ ಹೇಳುವ ಮಾತೇನಾದರೂ ಇದ್ದರೆ ಬರೆದು, ಸೀಸೆಯಲ್ಲಿ ಹಾಕಿ, ಅಲ್ಲೇ ನೆಲದಲ್ಲಿ ಹೂಳುವುದು ಪದ್ಧತಿ. ಹೆಚ್ಚಿನವರು ಬರೆಯುವುದು ಉಪಕಾರ ಸ್ಮರಣೆ. ಇಲ್ಲಿ ಬಾವಿ ತೋಡಿದವರಿಗೆ, ಬೇವು ನೆಟ್ಟವರಿಗೆ. ನಾನು ಹಾಗೆ ಬರೆಯಲಾರೆ. ಹಿಂದೋಲೆ ನಿಜವಾಗಿ ನಿಮಗೆ ತಲುಪುತ್ತದೆಂದು ನಂಬುವವರು ನಮ್ಮಲ್ಲಿ ಕಡಿಮೆ. ನಾನು ನಂಬುತ್ತೇನೆ. ನಿಮ್ಮ ಕಾಗದಗಳು ನನ್ನವರೆಗೆ ಬಂದಿವೆ, ಆ ದಾರಿ ಒಂದೇ ದಿಕ್ಕಿಗೆ ಇರಲು ನನಗೆ ಕಾರಣ ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಎರಡು ಬಗೆಯ ನೆಲವಿದೆ. ಒಂದು ಹುಲ್ಲುಸೀಮೆ. ನೀವು ಜೋಳ ಬಿತ್ತುತ್ತಿದ್ದ ಕಡೆಯೆಲ್ಲ ಈಗ ಸೊಂಟದೆತ್ತರ ಹುಲ್ಲು, ಮೂರು ದಿನ ನಡೆದರೂ ಒಂದು ಮರ ಸಿಗದು. ಇನ್ನೊಂದು ಕೊರಕಲ ಸೀಮೆ. ಮಳೆನೀರು ಮಣ್ಣನ್ನು ಕೊರೆದು ಕೊರೆದು ಮಾಡಿದ ಇಕ್ಕಟ್ಟಾದ ಕಂದರಗಳು, ನಡುನಡುವೆ ನಿಂತ ಕೆಂಪು ಬೂದು ದಿಬ್ಬಗಳು, ತುದಿಯಲ್ಲಿ ಒಂದೆರಡು ಜಾಲಿಗಿಡ. ಹುಲ್ಲಿನಲ್ಲಿ ತಂಗಿದರೆ ಸಿಡಿಲು ಹುಡುಕಿಕೊಂಡು ಬರುತ್ತದೆ, ಕೊರಕಲಿನಲ್ಲಿ ತಂಗಿದರೆ ಎಲ್ಲೋ ಬಿದ್ದ ಮಳೆ ಬಿಸಿಲಲ್ಲೇ ಬಂದು ಹೊತ್ತೊಯ್ಯುತ್ತದೆ. ಎರಡೂ ಸೇರುವ ಅಂಚಿನಲ್ಲಿ, ಎರಡರ ಅಪಾಯವೂ ಇಲ್ಲದ ಒಂದು ತುಂಡು ನೆಲ ಹುಡುಕಬೇಕು. ಅದನ್ನು ಹುಡುಕುವವಳು ನೆಲಗಿತ್ತಿ. ನಿಮ್ಮಲ್ಲಿ ಹೆರಿಗೆಗೆ ಸೂಲಗಿತ್ತಿ ಇದ್ದಂತೆ ನಮ್ಮಲ್ಲಿ ಬೀಡಿಗೆ ಅವಳು. ನಮ್ಮ ನೆಲಗಿತ್ತಿ ನನ್ನ ಚಿಗವ್ವ, ತಾಯಿಯ ತಂಗಿ ಜಕ್ಕವ್ವ. ತಾಯಿ ಸತ್ತ ಮೇಲೆ ನನ್ನನ್ನೂ ನನ್ನ ಅಕ್ಕ ದ್ಯಾಮವ್ವನನ್ನೂ ಬೆಳೆಸಿದವಳು ಅವಳೇ. ಅವಳಿಗೆ ಓದು ಬಾರದು. ಬರಿಗಾಲಲ್ಲಿ ಮೂರು ಸಲ ಜಾಗವನ್ನು ಸುತ್ತುತ್ತಾಳೆ, ಇರುವೆ ಗೂಡು ಎಷ್ಟಿವೆ ಎಂದು ನೋಡುತ್ತಾಳೆ, ಒಂದು ಗೂಟ ಹೊಡೆದು ಅದರ ಸದ್ದು ಕೇಳುತ್ತಾಳೆ, ಕೊನೆಗೆ ಹಿರಿಯ ಟಗರನ್ನು ಬಿಟ್ಟು ಅದು ಮಲಗುತ್ತದೋ ಇಲ್ಲವೋ ಕಾಯುತ್ತಾಳೆ. ಇದಕ್ಕೆ ಒಂದೊಂದು ಸಲ ನಾಲ್ಕು ದಿನ ಹಿಡಿಯುತ್ತದೆ. ಮೂವತ್ತೆಂಟು ಜನರ ಬಾಳು ಒಂದು ಟಗರಿನ ಇಷ್ಟಕ್ಕೆ ಬಿಟ್ಟಿರುವುದು ನನಗೆ ಅವಮಾನವೆನಿಸುತ್ತಿತ್ತು.

ಏಕೆಂದರೆ ನನ್ನ ಬಳಿ ಹತ್ತೊಂಬತ್ತು ಕರಪತ್ರಗಳಿದ್ದವು. ಕುಸಿದ ಒಂದು ಕಟ್ಟಡದ ಕಬ್ಬಿಣದ ಕಪಾಟಿನಲ್ಲಿ ಸಿಕ್ಕಿದವು. ಭೇದಿಯಾದವರಿಗೆ ಉಪ್ಪು ಸಕ್ಕರೆ ನೀರು ಕುಡಿಸಿ ಎಂದು ಒಂದರಲ್ಲಿತ್ತು. ಸಕ್ಕರೆ ನಮ್ಮಲ್ಲಿಲ್ಲ, ಜೇನು ಹಾಕಿ ಕುಡಿಸಿದೆ, ಮೂರು ಮಕ್ಕಳು ಉಳಿದವು. ಹೆರಿಗೆ ಮಾಡಿಸುವ ಮುಂಚೆ ಕೈ ತೊಳೆಯಿರಿ ಎಂದು ಇನ್ನೊಂದರಲ್ಲಿತ್ತು. ತೊಳೆದೆವು, ಬಾಣಂತಿಯರು ಸಾಯುವುದು ನಿಂತಿತು. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಯಾರನ್ನೂ ದುಡಿಸಕೂಡದು ಎಂದು ಮತ್ತೊಂದರಲ್ಲಿತ್ತು. ಅದನ್ನು ಬೀಡಿನ ಮುಂದೆ ಗಟ್ಟಿಯಾಗಿ ಓದಿ, ಹೆಂಗಸರ ಬೀಸುವ ಕೆಲಸವನ್ನು ಗಂಡಸರಿಗೂ ಹಂಚಿಸಿದೆ. ಹತ್ತೊಂಬತ್ತರಲ್ಲಿ ಒಂದೂ ನನಗೆ ಸುಳ್ಳು ಹೇಳಲಿಲ್ಲ. ಆದ್ದರಿಂದ ಅಚ್ಚಾದದ್ದು ಅಳಿದವರ ಪ್ರಮಾಣವಚನ, ಸಾವಿರ ಪ್ರತಿ ಮಾಡಿ ಹಂಚುವ ಕಷ್ಟವನ್ನು ಮನುಷ್ಯರು ಸತ್ಯಕ್ಕಾಗಿ ಮಾತ್ರ ಪಡುತ್ತಾರೆ ಎಂದು ನಂಬಿದೆ. ಈ ನಂಬಿಕೆಗೆ ನಗಬೇಡಿ. ಮಾರುವುದಕ್ಕಾಗಿಯೂ ಅಚ್ಚು ಹಾಕುತ್ತಾರೆ ಎಂದು ನಮಗೆ ಯಾರು ಹೇಳಬೇಕಿತ್ತು? ಆ ಕೆಲಸಕ್ಕೆ ನಮ್ಮ ಮಾತಿನಲ್ಲಿ ಒಂದು ಪದವೇ ಇಲ್ಲ.

ಇಪ್ಪತ್ತನೆಯದು ಈ ಬೇಸಿಗೆಯಲ್ಲಿ ಸಿಕ್ಕಿತು. ನುಣುಪು ಕಾಗದ, ಬಣ್ಣದ ಚಿತ್ರ, ಚಿತ್ರದಲ್ಲಿ ಡೇರೆಗಳ ಮುಂದೆ ನಗುತ್ತಿರುವ ಗಂಡ ಹೆಂಡತಿ ಮಕ್ಕಳು, ಹಿಂದೆ ನಮ್ಮದೇ ಕೆಂಪು ದಿಬ್ಬಗಳು. ಮೇಲೆ ದಪ್ಪಕ್ಷರದಲ್ಲಿ ‘ಹೊಂಬಯಲು ಬಿಡಾರ’. ಕೆಳಗೆ ಹೀಗಿತ್ತು: ‘ಹುಲ್ಲುಗಾವಲಿನ ಮಡಿಲಲ್ಲಿ, ಕೊರಕಲುಗಳ ನೆತ್ತಿಯ ಮೇಲೆ. ಸಹಜವಾಗಿ ಸಮತಟ್ಟಾದ ನೆಲ. ವರ್ಷವಿಡೀ ನೀರು. ಇಡೀ ಕುಟುಂಬಕ್ಕೆ ಸುರಕ್ಷಿತ.’ ಸುರಕ್ಷಿತ ಎಂಬ ಮಾತಿನ ತಲೆಯ ಮೇಲೆ ಒಂದು ಚುಕ್ಕಿ ಇತ್ತು. ಹಿಂಬದಿಯಲ್ಲಿ ದಾರಿಯ ನಕ್ಷೆ. ಆ ಹೊತ್ತಿಗೆ ಬಸುರಿ ದ್ಯಾಮಕ್ಕನಿಗೆ ಎಂಟು ತಿಂಗಳು ತುಂಬಿತ್ತು, ಕಾಲು ಊದಿಕೊಂಡಿದ್ದವು. ಚಿಗವ್ವ ಹೇಳುತ್ತಿದ್ದ ಹಳೆಯ ಬೀಡಿಗೆ ಇನ್ನೂ ಹನ್ನೊಂದು ದಿನದ ನಡಿಗೆ. ನಕ್ಷೆಯ ಜಾಗಕ್ಕೆ ಮೂರೇ ದಿನ. ನನ್ನ ಅಕ್ಕ ದಾರಿಯಲ್ಲಿ ಹೆತ್ತು ಸಾಯಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ನಾವು ಬಂದಾಗ ಎಲ್ಲವೂ ಕಾಗದದಲ್ಲಿ ಇದ್ದಂತೆಯೇ ಇತ್ತು. ಮೂರು ಕಡೆ ಆಳದ ಕೊರಕಲು, ನಡುವೆ ನಾಲಗೆಯಂತೆ ಚಾಚಿದ, ಅಂಗೈಯಂತೆ ಸಮನಾದ ಬಯಲು, ಪಕ್ಕದಲ್ಲಿ ನೀರಿನ ಹೊಂಡ. ಎಲ್ಲರ ಮುಖವೂ ಅರಳಿತು. ಚಿಗವ್ವ ಮಾತ್ರ ಚಪ್ಪಲಿ ಬಿಚ್ಚಿ ಸುತ್ತತೊಡಗಿದಳು. ಗೂಟ ಹೊಡೆದಳು. ಆರು ಪೆಟ್ಟಿಗೆ ಗೂಟ ಪೂರ್ತಿ ಒಳಗೆ ಹೋಯಿತು. ಎಳೆದರೆ ಅದರ ತುದಿಗೆ ನೀಲಿ ಬಣ್ಣದ ಪ್ಲಾಸ್ಟಿಕ್ ಚೂರು ಸುತ್ತಿಕೊಂಡು ಬಂತು. ಟಗರು ನಿಂತೇ ಇತ್ತು. ನಮ್ಮಲ್ಲಿ ಎಲ್ಲದಕ್ಕೂ ನಗಿಸುವ ಲಾಯಪ್ಪ ಮಾವ, “ಏ ಜಕ್ಕವ್ವಾ, ನಿನ್ನ ಟಗರ ಮಕ್ಕೊಳ್ಳಂಗಿಲ್ಲ ಬಿಡವಾ, ಅದಕ್ಕ ನಿನ್ನ ತೊಡಿನ ದಿಂಬ ಆಗಬೇಕು” ಎಂದ. ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. “ಇಷ್ಟ ಅಗಲ ಜಾಗಾದಾಗ ಒಂದ ಇರಿವಿ ಗೂಡ ತೋರಸು, ನೋಡೂಣು” ಎಂದು ನನ್ನ ಕಡೆ ತಿರುಗಿದಳು. “ಈ ನೆಲ ಹುಟ್ಟಿದ್ದಲ್ಲ ಅಮೋಗಿ. ಇದನ್ನ ಯಾರೋ ಮಾಡ್ಯಾರ.”

ನಾನು ಕಾಗದ ಓದಿ ಹೇಳಿದೆ. ಸಹಜವಾಗಿ ಸಮತಟ್ಟು ಎಂದು ಅಚ್ಚಾಗಿದೆ ಎಂದೆ. ಆಕೆ ಕಾಗದ ಇಸಿದುಕೊಂಡು, ಓದಲು ಬಾರದ ಕಣ್ಣಿಗೆ ಹತ್ತಿರ ಹಿಡಿದು, “ಈ ಅಕ್ಷರದ ತೆಲಿ ಮ್ಯಾಲಿನ ಚುಕ್ಕಿ ಏನವಾ?” ಎಂದು ಕೇಳಿದಳು. ಅಂದಕ್ಕೆ ಹಾಕಿದ್ದು ಎಂದೆ. “ಇಲ್ಲಿ ಕೆಳಗೂ ಐತಲ್ಲ ಅಂಥದ್ದ?” ನಿಜ, ಕಾಗದದ ಬುಡದಲ್ಲಿ ಅದೇ ಚುಕ್ಕಿ, ಅದರ ಮುಂದೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಎರಡು ಪದ. ಕಣ್ಣು ಕಿರಿದು ಮಾಡಿ ಓದಿದೆ: ‘ಷರತ್ತುಗಳು ಅನ್ವಯಿಸುತ್ತವೆ’. “ಯಾವ ಶರತ್ತ?” ಎಂದಳು. ಅವು ಎಲ್ಲೂ ಅಚ್ಚಾಗಿರಲಿಲ್ಲ. ಮುಖ್ಯವಾದದ್ದಾದರೆ ದಪ್ಪಕ್ಷರದಲ್ಲೇ ಹಾಕುತ್ತಿದ್ದರು ಎಂದು ವಾದಿಸಿದೆ. ಅವಳು ಬಿಡಲಿಲ್ಲ. “ಶರತ್ತ ಐತಿ ಅಂತ ಹೇಳ್ಯಾರ, ಯಾವು ಅಂತ ಹೇಳಿಲ್ಲ. ಹಂಗ ಮಾತಾಡೋರ ಮನಿಗೆ ನೀ ಹೆಣ್ಣ ಕೊಡತೀಯೇನ?” ಜನ ಈಗ ಅವಳ ಕಡೆ ನೋಡತೊಡಗಿದರು. ನನಗೆ ಸಿಟ್ಟು ಏರಿತು. “ನಿನಗ ಓದಾಕ ಬರೂದಿಲ್ಲ ಚಿಗವ್ವಾ, ಅದಕ್ಕ ಓದಿದೋರ ಕಂಡ್ರ ಅಂಜತಿ” ಎಂದೆ. ಎಲ್ಲರೆದುರು ಎಂದೆ. ಅವಳು ಕಾಗದವನ್ನು ಮಡಚಿ ನನ್ನ ಕೈಯಲ್ಲಿಟ್ಟು, “ಖರೇನ ಐತಿ ಬಿಡು” ಎಂದಳು, ಅಷ್ಟೆ. ನಮ್ಮಲ್ಲಿ ಭಿನ್ನಾಭಿಪ್ರಾಯ ಬಂದರೆ ಒಬ್ಬೊಬ್ಬರೂ ಒಂದೊಂದು ಕಲ್ಲನ್ನು ತಾವು ಒಪ್ಪಿದವರ ಮುಂದೆ ಇಡುತ್ತಾರೆ. ದ್ಯಾಮಕ್ಕ ಹೊಟ್ಟೆ ಹಿಡಿದುಕೊಂಡು ಬಂದು ತನ್ನ ಕಲ್ಲನ್ನು ನನ್ನ ಮುಂದೆ ಇಟ್ಟಳು. ಮಿಕ್ಕವರು ಅವಳನ್ನು ನೋಡಿ ಇಟ್ಟರು.

ಮೊದಲ ಮಳೆಗೆ ನೀರು ಎಲ್ಲೂ ನಿಲ್ಲಲಿಲ್ಲ. ಬಿದ್ದಷ್ಟೂ ನೆಲ ಕುಡಿಯಿತು. ಎಂಥ ಒಳ್ಳೆಯ ಜಾಗ ಎಂದು ನಾನು ಹೆಮ್ಮೆಪಟ್ಟೆ. ಎರಡನೆಯ ಮಳೆ ನಿಂತ ಬೆಳಿಗ್ಗೆ ಚಿಗವ್ವ ನೆಲಕ್ಕೆ ಕಿವಿಯಿಟ್ಟು ಮಲಗಿದ್ದಳು. ನನ್ನನ್ನೂ ಪಕ್ಕದಲ್ಲಿ ಮಲಗಿಸಿದಳು. ನಮ್ಮ ಕೆಳಗೆ, ಬಹಳ ಆಳದಲ್ಲಿ, ಹಳ್ಳ ಹರಿಯುತ್ತಿತ್ತು. ಕಲ್ಲು ಉರುಳುವ ಸದ್ದು ಕೂಡ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಡೇರೆಯ ಕಂಬ ತಾನಾಗಿ ಮೊಳದಷ್ಟು ಕುಸಿಯಿತು. ಆ ತೂತಿನೊಳಗೆ ಕೋಲಿಗೆ ಕೊಕ್ಕೆ ಕಟ್ಟಿ ಎಳೆದರೆ ನಿಮ್ಮ ಚೀಲಗಳು ಬಂದವು, ಒಂದರ ಮೇಲೊಂದು, ಒಂದರೊಳಗೊಂದು, ಬಣ್ಣವೂ ಮಾಸದ ಚೀಲಗಳು, ಟೈರು, ಸೀಸೆ, ಮಕ್ಕಳ ಬೂಟು. ಆಗ ಅರ್ಥವಾಯಿತು. ಇಲ್ಲಿ ಒಂದು ಕೊರಕಲಿತ್ತು. ನೀವು ಅದನ್ನು ಕಸದಿಂದ ತುಂಬಿದಿರಿ, ಮೇಲೆ ಮೊಳದಷ್ಟು ಮಣ್ಣು ಹಾಸಿ ತಟ್ಟಿದಿರಿ, ಡೇರೆ ಹಾಕಿ ಚಿತ್ರ ತೆಗೆದಿರಿ. ಕೊರಕಲು ಮಾತ್ರ ಏಳು ತಲೆಮಾರಿನಿಂದ ಕೆಳಗಿಂದ ಕೆಳಗೇ ತನ್ನ ಕೆಲಸ ಮಾಡುತ್ತ ಬಂದಿದೆ.

ಮರುದಿನ ನಾಲಗೆಯಂಥ ಆ ಬಯಲಿನ ಬುಡದಲ್ಲಿ, ಹುಲ್ಲುಸೀಮೆಗೆ ಹೋಗುವ ಒಂದೇ ಕಡೆ, ಅಡ್ಡಲಾಗಿ ಬಿರುಕು ಬಿಟ್ಟಿತು. ಮೊದಲು ಬೆರಳು ತೂರುವಷ್ಟು, ಆಮೇಲೆ ಗೇಣು. ಚಿಗವ್ವ ಯಾರನ್ನೂ ಬೈಯಲಿಲ್ಲ. ಹಗುರವಾದವರು ಮೊದಲು, ಒಬ್ಬೊಬ್ಬರಾಗಿ, ಓಡದೆ ದಾಟಬೇಕು ಎಂದು ಸಾಲು ಮಾಡಿಸಿದಳು. ಕುರಿಗಳು ಹೋದವು, ಮಕ್ಕಳು ಹೋದರು, ಮುದುಕರು ಹೋದರು. ಸಾಲು ಅರ್ಧವಾಗುವಾಗ ದ್ಯಾಮಕ್ಕನಿಗೆ ನೋವು ಶುರುವಾಯಿತು. ಚಿಗವ್ವ, ಲಾಯಪ್ಪ ಮಾವ, ನಾನು ಅವಳೊಡನೆ ಈಚೆ ಉಳಿದೆವು, ಮಿಕ್ಕವರು ದಾಟಿದರು. ನಿನ್ನೆ ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ಕೈ ತೊಳೆದುಕೊಂಡೇ ಹಿಡಿದೆ. ಕೂಸು ಚೆನ್ನಾಗಿದೆ. ಅಕ್ಕನಿಗೆ ರಕ್ತ ನಿಲ್ಲಲಿಲ್ಲ, ಅಲುಗಿಸಿದರೆ ಹೆಚ್ಚಾಗುತ್ತಿತ್ತು. ಇಂದು ಮುಂಜಾನೆಯಿಂದ ಸ್ವಲ್ಪ ಹಿಡಿತಕ್ಕೆ ಬಂದಿದೆ. ಅಷ್ಟರಲ್ಲಿ ಬಿರುಕು ಒಂದು ದಾಪುಗಾಲು ಅಗಲವಾಗಿದೆ. ಪಡುವಣದಲ್ಲಿ ಮೋಡ ಕಟ್ಟಿದೆ. ಈ ನೆಲ ಮೂರನೆಯ ಮಳೆಯನ್ನು ತಡೆಯುವುದಿಲ್ಲ ಎಂದು ಚಿಗವ್ವ ಹೇಳಿದ್ದಾಳೆ. ಈ ಸಲ ನಾನು ಎದುರು ಮಾತಾಡಲಿಲ್ಲ.

ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಹೇಳುವವಳು ಎದುರಿಗೆ ನಿಂತು ಹೇಳಿದಳು, ನಾನು ಅವಳ ಬಾಯಿ ಮುಚ್ಚಿಸಿದೆ. ಅದು ನನ್ನದೇ. ಆದರೆ ನಿಮ್ಮದು ನಿಮ್ಮದೇ. ಆ ಕಾಗದ ಬರೆದವರು ದುಷ್ಟರಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ಅವರು ತಮ್ಮ ಕಾಲದವರನ್ನು ಎರಡು ದಿನ ಅಲ್ಲಿ ಮಲಗಿಸಿ ಕಳಿಸಿದರು, ಯಾರಿಗೂ ಏನೂ ಆಗಲಿಲ್ಲ, ಕಾಗದ ಆ ಎರಡು ದಿನದ ಮಟ್ಟಿಗೆ ನಿಜವಾಗಿತ್ತು. ನಾವೂ ಓದುಗರು ಎಂಬುದು ಅವರ ತಲೆಗೆ ಬರಲಿಲ್ಲ, ಅಷ್ಟೇ. ಅಷ್ಟಕ್ಕೇ ಮೂವತ್ತೆಂಟು ಜನರ ಜೀವ ಬಿರುಕಿನ ಅಂಚಿಗೆ ಬಂತು.

ಈಗ ನನ್ನ ಕೋರಿಕೆ. ನಮ್ಮಲ್ಲಿ ಕೂಸಿಗೆ ಅದು ಹುಟ್ಟಿದ ನೆಲದ ಹೆಸರಿಡುತ್ತಾರೆ. ಬೆಳಿಗ್ಗೆ ದ್ಯಾಮಕ್ಕ, “ಈ ಜಾಗದ ಹೆಸರೇನಲೇ?” ಎಂದು ಕೇಳಿದಳು. ನಿಮ್ಮ ಕಾಗದದ ಹೆಸರನ್ನು ನಾನು ಹೇಳಲಿಲ್ಲ. ನೀವು ತುಂಬುವ ಮುಂಚೆ ಈ ಕೊರಕಲಿಗೆ ಒಂದು ಹೆಸರು ಇದ್ದೇ ಇತ್ತು. ಕುರಿ ಕಾಯುವವರೋ ಸೌದೆಗೆ ಬಂದವರೋ ಇಟ್ಟದ್ದು, ಹಳ್ಳವೆಂದೋ ಮಡುವೆಂದೋ ಕೊನೆಯಾಗುವಂಥದ್ದು. ಅಂಥ ಒಂದು ಹೆಸರು ಒಂದು ಕಲ್ಲಿನ ಮೇಲೆ ಉಳಿದಿದ್ದರೆ ನಾನು ಓದುತ್ತಿದ್ದೆ, ನನಗೆ ಓದಲು ಬರುತ್ತದೆ. ನೀವಿನ್ನೂ ಇದನ್ನು ತುಂಬಿಲ್ಲದಿದ್ದರೆ ತುಂಬಬೇಡಿ. ತುಂಬುವವರನ್ನು ತಡೆಯಲು ನಿಮ್ಮಿಂದ ಆಗದಿದ್ದರೆ, ಊರಿನ ಹಳಬರನ್ನು ಕೇಳಿ ಆ ಹೆಸರನ್ನಾದರೂ ತಿಳಿದುಕೊಂಡು, ದಂಡೆಯಲ್ಲಿ ಒಂದು ಕಲ್ಲಿನ ಮೇಲೆ ಆಳವಾಗಿ ಕೆತ್ತಿಸಿ.

ಲಾಯಪ್ಪ ಮಾವ ಇದೀಗ ಕೂಸನ್ನು ಎದೆಗೆ ಕಟ್ಟಿಕೊಂಡು ಜಿಗಿದ. ಆಚೆ ಸೇರಿದ. ಅವನು ಕಾಲೂರಿ ನೆಗೆದ ಅಂಚು ಅವನ ಹಿಂದೆಯೇ ಕಳಚಿ ಬಿತ್ತು, ಬಿದ್ದ ಸದ್ದು ತಡವಾಗಿ ಕೇಳಿಸಿತು. ಆಚೆಯವರು ಎರಡು ಡೇರೆಕಂಬ ಜೋಡಿಸಿ ಅಡ್ಡ ಹಾಸಿದ್ದಾರೆ. ಇನ್ನು ಅಕ್ಕ. ಅವಳನ್ನು ಕಂಬಳಿಯಲ್ಲಿ ಮಲಗಿಸಿ ಇಬ್ಬರು ಹೊರಬೇಕು, ಮೂವರ ಭಾರ ಒಟ್ಟಿಗೆ ಬೀಳುತ್ತದೆ. ಇಲ್ಲಿ ಉಳಿದಿರುವುದೇ ಮೂವರು. ಚಿಗವ್ವ ಮುಂದಿನ ತುದಿ ಹಿಡಿಯುತ್ತಾಳೆ, ಎಲ್ಲಿ ಹೆಜ್ಜೆ ಇಡಬೇಕೆಂದು ಅವಳ ಕಾಲಿಗೆ ಗೊತ್ತು. ನಾನು ಹಿಂದಿನ ತುದಿ. ಅವಳು ಇಟ್ಟಲ್ಲೇ ಇಡುತ್ತೇನೆ. ಇನ್ನು ಇದನ್ನು ಸೀಸೆಗೆ ಹಾಕಿ ಬಿರಡೆ ಬಿಗಿಯುತ್ತೇನೆ. ಮೊದಲ ಹನಿ ಬಿತ್ತು, ಅವಳು ಕರೆಯುತ್ತಿದ್ದಾಳೆ.