ಚೀಟಿ ಕಿತ್ತ ಡಬ್ಬಿಗಳು

ಭಾಗ್ಯನಗರ, ಕೊಪ್ಪಳ

ಗೋವಿಂದರಾಜ ಸಾಹುಕಾರರಿಗೆ ನಿಮ್ಮ ಮಿಲ್ಲಿನ ರಸೂಲಸಾಬನ ಸಲಾಮು.

ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಡ್ರೈಯರಿನ ಬೇರಿಂಗ್ ಸುಟ್ಟದ್ದಕ್ಕೆ ಯಮನೂರಪ್ಪನನ್ನು ಕೆಲಸದಿಂದ ತೆಗೆದಿರಿ. ಅದಕ್ಕೆ ಅವನು ಹಚ್ಚಿದ ಗ್ರೀಸು ಆರಿಸಿ ಕೊಟ್ಟವನು ನಾನು. "ಮೇಸ್ತ್ರಿ, ಇದು ಭಾಳ ತೆಳ್ಳಗ ಐತ್ರಿ" ಎಂದು ಅವನು ಹೇಳಿದ್ದ. "ನನಗ ಕಲಿಸಾಕ ಬರಬ್ಯಾಡ" ಎಂದೆ. ನಿಮ್ಮ ಮುಂದೆ ಅವನು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕಾವು ತಡೆಯುವ ಗ್ರೀಸೂ ಸಾದಾ ಗ್ರೀಸೂ ನೋಡಲು ಒಂದೇ ಕೆಂಪು. ನಾನು ಎರಡು ಬೆರಳಲ್ಲಿ ತಿಕ್ಕಿ, ಅಂಟು ನೋಡಿ ಹೇಳುತ್ತಿದ್ದೆ. ಬೇರೆ ಯಾರಿಗೂ ತಿಳಿಯಬಾರದೆಂದು ಡಬ್ಬಿಗಳ ಚೀಟಿ ಕಿತ್ತು ಹಾಕಿದವನೂ ನಾನೇ. ಶುಗರ್ ಹೆಚ್ಚಾಗಿ ವರ್ಷದಿಂದ ಬೆರಳಿಗೆ ಮುಟ್ಟಿದ್ದು ತಿಳಿಯುವುದಿಲ್ಲ. ಆದರೂ ತಿಕ್ಕಿದಂತೆ ಮಾಡಿ ಅಂದಾಜಿನ ಮೇಲೆ ಕೊಡುತ್ತ ಬಂದೆ.

ಯಮನೂರಪ್ಪನನ್ನು ಮರಳಿ ಕರೆಯಿರಿ. ಸ್ಟೋರಿನ ಡಬ್ಬಿಗಳನ್ನೆಲ್ಲ ಎಸೆಯಿರಿ. ಯಾವುದರಲ್ಲಿ ಯಾವುದಿದೆಯೋ ಈಗ ನನಗೂ ಗೊತ್ತಿಲ್ಲ. ನಾನು ಇನ್ನು ಕೆಲಸಕ್ಕೆ ಬರುವುದಿಲ್ಲ, ನನ್ನನ್ನು ಕರೆಯಬೇಡಿ. ಬಂದರೆ ಮತ್ತೆ ಗೊತ್ತಿದ್ದವನಂತೆಯೇ ಮಾಡುತ್ತೇನೆ.

ಇದನ್ನು ಮಗಳು ಮುಬಾಶಿರಾ ಬರೆದಿದ್ದಾಳೆ. ಕೆಳಗೆ ಹೆಬ್ಬೆಟ್ಟು ಒತ್ತಿದ್ದೇನೆ. ಕಾಗದಕ್ಕೆ ತಾಗಿತೇ ಎಂದು ಅವಳನ್ನೇ ಕೇಳಬೇಕಾಯಿತು.

ರಸೂಲಸಾಬ